ನೋವಿಲ್ಲ ಅಂತ ಸುಮ್ಮನಿರಬೇಡಿ



ಸಾಲಗಾಮೆ ಸುತ್ತಮುತ್ತ ಆಲೂಗೆಡ್ಡೆ ಬೆಳೆದವರಿಗೆ ಅಂಗಮಾರಿ ರೋಗ ಗೊತ್ತು. ಮೊದಲು ಎಲೆಯ ಮೇಲೆ ಒಂದು ಸಣ್ಣ ಕಲೆ. ಗಿಡ ಹಸಿರಾಗೇ ಇರುತ್ತದೆ. ಆಗಲೇ ನೋಡಿ ಔಷಧಿ ಹೊಡೆದವರು ಬೆಳೆ ಉಳಿಸಿಕೊಳ್ಳಬಹುದು. ತಡ ಮಾಡಿದರೆ ಹೊಲವೇ ಕೊಳೆಯುತ್ತದೆ.

ಕ್ಯಾನ್ಸರ್ ಕೂಡ ಸಣ್ಣದಾಗಿ ಶುರುವಾಗುತ್ತದೆ. ನಮ್ಮ ಮೈಯಲ್ಲಿ ಕಣ್ಣಿಗೆ ಕಾಣದ ಜೀವಕೋಶಗಳಿವೆ. ಅವು ಬೇಕಾದಷ್ಟೇ ಬೆಳೆಯುತ್ತವೆ. ಎಲ್ಲೋ ಒಂದು ಕಡೆ ಲೆಕ್ಕ ತಪ್ಪಿ ಬೆಳೆಯುತ್ತಾ ಹೋದರೆ ಅದೇ ಕ್ಯಾನ್ಸರ್. ಅಂಗಮಾರಿ ಗಿಡದಿಂದ ಗಿಡಕ್ಕೆ ಹರಡುತ್ತದೆ. ಕ್ಯಾನ್ಸರ್ ಹಾಗಲ್ಲ. ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಅಂಟೋದಿಲ್ಲ. ಇದು ಯಾರ ಶಾಪವೂ ಅಲ್ಲ.

ಒಂದು ಮಾತು ನೆನಪಿಡಿ. ಶುರುವಿನಲ್ಲಿ ಕ್ಯಾನ್ಸರ್ ಎಷ್ಟೋ ಸಲ ನೋಯೋದೇ ಇಲ್ಲ. "ನೋವಿಲ್ಲವಲ್ಲ, ಕಳೆ ಕಿತ್ತಾದ ಮೇಲೆ ನೋಡೋಣ" ಅಂತೀವಿ. ಮೋಸ ಹೋಗೋದು ಅಲ್ಲೇ.

ಏನೇನು ನೋಡಬೇಕು?

ಬಾಯಿ: ಎರಡು ಮೂರು ವಾರವಾದರೂ ಮಾಯದ ಹುಣ್ಣು. ಬಿಳಿ ಅಥವಾ ಕೆಂಪು ಮಚ್ಚೆ. ಬಾಯಿ ಅಗಲಿಸೋಕೆ ಆಗದಿರೋದು. ಹೊಗೆಸೊಪ್ಪು, ಎಲೆ ಅಡಿಕೆ, ಗುಟ್ಕಾ ಹಾಕುವವರಿಗೆ ಈ ಅಪಾಯ ಹೆಚ್ಚು.

ಮೊಲೆ: ಮೊಲೆಯಲ್ಲಿ ಅಥವಾ ಕಂಕುಳಲ್ಲಿ ಗಂಟು. ತೊಟ್ಟು ಒಳಕ್ಕೆ ಹೋಗೋದು. ತೊಟ್ಟಿನಿಂದ ರಕ್ತ. ಚರ್ಮ ಕಿತ್ತಳೆ ಸಿಪ್ಪೆಯಂತೆ ಆಗೋದು.

ಗರ್ಭಕೋಶದ ಬಾಯಿ: ಮುಟ್ಟಿನ ದಿನ ಬಿಟ್ಟು ಬೇರೆ ದಿನ ರಕ್ತ. ಗಂಡನ ಜೊತೆ ಕೂಡಿದ ಮೇಲೆ ರಕ್ತ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ. ಕೆಟ್ಟ ವಾಸನೆಯ ಬಿಳಿಸೆರಗು.

ಇವು ಕಂಡ ಕೂಡಲೇ ಹೆದರಬೇಡಿ. ಮೊಲೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಹೌದೋ ಅಲ್ಲವೋ ಅಂತ ನಾವೇ ಹೇಳೋಕಾಗಲ್ಲ. ಪರೀಕ್ಷೆಯೇ ಹೇಳಬೇಕು.

ಎಲ್ಲಿಗೆ ಹೋಗಬೇಕು?

ಮೊದಲು ಆಶಾ ಕಾರ್ಯಕರ್ತೆಗೆ ಹೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. 30 ವರ್ಷ ದಾಟಿದ ಹೆಂಗಸರು ತೊಂದರೆ ಇಲ್ಲದಿದ್ದರೂ ಬಾಯಿ, ಮೊಲೆ, ಗರ್ಭಕೋಶದ ಬಾಯಿ ತೋರಿಸಿಕೊಳ್ಳಬೇಕು. ಗರ್ಭಕೋಶದ ಬಾಯಿಗೆ ವಿನೆಗರ್‌ನಂಥ ನೀರು ಸವರಿ ನೋಡುತ್ತಾರೆ. ಬಿಳಿ ಕಲೆ ಎದ್ದರೆ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಕೆಲವೇ ನಿಮಿಷದ ಕೆಲಸ. ನಾಚಿಕೆಯಾದರೆ ಹೆಣ್ಣು ಡಾಕ್ಟರು ಅಥವಾ ನರ್ಸು ಬೇಕು ಅಂತ ಕೇಳಿ.

ಹಾಸನದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಖರ್ಚಿನ ಚಿಂತೆಯೇ? 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಮರೆಯದೆ ತೆಗೆದುಕೊಂಡು ಹೋಗಿ.

ಬೇಗ ಕಂಡರೆ ಬಹಳ ಜನ ಗುಣವಾಗುತ್ತಾರೆ. ತಡವಾದಷ್ಟೂ ಕಷ್ಟ ಹೆಚ್ಚು.

ನೀವೀಗ ಓದು ಕಲಿತಿದ್ದೀರಿ. ಓದು ಬಾರದ ಅತ್ತೆಗೆ, ಪಕ್ಕದ ಮನೆಯ ಅಕ್ಕನಿಗೆ ಇದನ್ನು ಓದಿ ಹೇಳಿ.