ಟೊಮೆಟೊ ಬೆಳೆಯಲ್ಲಿ ನೀರು ಮತ್ತು ಸಾರಜನಕದ ಹಿತಮಿತ ಬಳಕೆ

ಸಾಣಾಪುರ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆದು ರೂಢಿಯಾದ ರೈತರು ಟೊಮೆಟೊಗೂ ಮಡಿ ತುಂಬ ನೀರು ಹಾಯಿಸುವುದುಂಟು. ಇದರಿಂದ ಬೇರಿಗೆ ಗಾಳಿ ಸಿಗದು. ಯೂರಿಯಾದಿಂದ ಉಂಟಾದ ನೈಟ್ರೇಟ್ ನೀರಿನೊಡನೆ ಬೇರಿನ ಕೆಳಗಿಳಿದು ನಷ್ಟವಾಗುತ್ತದೆ. ಗಿಡ ಹಳದಿಯಾಯಿತೆಂದು ಮತ್ತೆ ಮತ್ತೆ ಯೂರಿಯಾ ಎರಚಿದರೆ ಎಲೆ ಸೊಕ್ಕಿ, ಹೂ ಬಿಡುವುದು ತಡವಾಗುತ್ತದೆ.

ಹನಿ ನೀರಾವರಿ ಇದ್ದಲ್ಲಿ ರಸಾವರಿಯೇ ಮೇಲು. ಮಣ್ಣು ಪರೀಕ್ಷೆಯ ಶಿಫಾರಸಿನಂತೆ ಸಾರಜನಕವನ್ನು ವಾರಕ್ಕೊಮ್ಮೆ ಸಣ್ಣ ಕಂತುಗಳಲ್ಲಿ ಕೊಡಿರಿ. ನಾಟಿಯ ಆರಂಭದಲ್ಲಿ ಕಡಿಮೆ, ಹೂ ಬಿಟ್ಟು ಕಾಯಿ ಬೆಳೆಯುವಾಗ ಹೆಚ್ಚು. 1 ಕಿ.ಗ್ರಾಂ. ಸಾರಜನಕಕ್ಕೆ ಸುಮಾರು 2.2 ಕಿ.ಗ್ರಾಂ. ಯೂರಿಯಾ ಬೇಕು. ಮೊದಲು ಬರೀ ನೀರು, ನಡುವೆ ಗೊಬ್ಬರ, ಕೊನೆಗೆ ಕೊಳವೆ ತೊಳೆಯುವಷ್ಟು ನೀರು ಹರಿಸಿರಿ. ಈ ಕೊನೆಯ ನೀರು ಅತಿಯಾದರೆ ಕೊಟ್ಟ ಗೊಬ್ಬರವೇ ಕೆಳಗಿಳಿಯುತ್ತದೆ. ಹೊಲವನ್ನು ಒಣಗಲು ಬಿಟ್ಟು ಒಮ್ಮೆಲೇ ತೋಯಿಸಿದರೆ ಕಾಯಿ ಬಿರಿಯುತ್ತದೆ; ಸುಣ್ಣದಂಶ ಸರಿಯಾಗಿ ತಲುಪದೆ ಕಾಯಿಯ ತುದಿಯೂ ಕೊಳೆಯುತ್ತದೆ.