ಹಸಿರು ಚಹಾಕ್ಕೆ ಸುರಂಗದ ನೀರು

ಚೀನಾದ ಹಸಿರು ಚಹಾವನ್ನು ಸವಿಯುವ ವಿದ್ಯೆಯಲ್ಲಿ ಎಲೆಗೆ ಎಷ್ಟು ಬೆಲೆಯೋ ನೀರಿಗೂ ಅಷ್ಟೇ ಬೆಲೆ. ಹಾಲು, ಸಕ್ಕರೆ, ಏಲಕ್ಕಿ, ಶುಂಠಿ ಯಾವುದೂ ಸೇರದ ಈ ಪಾನೀಯದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ ಇರುವುದರಿಂದ ಅದರ ಗುಣದೋಷಗಳನ್ನು ಮುಚ್ಚಿಡಲು ಯಾವ ಉಪಾಯವೂ ಇಲ್ಲ. ಕಾಸರಗೋಡು ಜಿಲ್ಲೆ ಚಹಾ ಬೆಳೆಯುವ ಸೀಮೆಯಲ್ಲ. ಇಲ್ಲಿನ ಗುಡ್ಡಬಯಲುಗಳು ಅಡಿಕೆ, ತೆಂಗು, ಗೇರು, ಕಾಳುಮೆಣಸು, ರಬ್ಬರುಗಳಿಗೆ ಸೇರಿದವು. ಆದರೂ ಜಿಲ್ಲೆಯ ಉತ್ತರದ ಒಳನಾಡಿನಲ್ಲಿ, ಬಾಯಾರು, ಪೈವಳಿಕೆ, ಎಣ್ಮಕಜೆ, ಪಡ್ರೆಗಳ ಮುರಕಲ್ಲಿನ ಗುಡ್ಡಗಳಿಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ತಾನಾಗಿ ಹರಿದು ಬರುವ ನೀರು, ಚೀನಾದ ಚಹಾಪ್ರಿಯರು ಹನ್ನೆರಡು ಶತಮಾನಗಳಿಂದ ಅರಸುತ್ತ ಬಂದ ನೀರಿಗೆ ಬಹಳ ಹತ್ತಿರದ್ದು. ಎಲೆಯನ್ನು ದೂರದಿಂದ ತರಿಸಿಕೊಳ್ಳಬಹುದು. ಅಂಥ ನೀರನ್ನು ತರಿಸಿಕೊಳ್ಳುವುದು ಕಷ್ಟ.

ಹಸಿರು ಚಹಾ ಬೇರೊಂದು ಗಿಡದ್ದೆಂಬ ತಿಳಿವಳಿಕೆ ಇನ್ನೂ ಕೆಲವರಲ್ಲಿದೆ. ಹೋಟೆಲಿನ ಕಡಕ್ ಚಾ, ಮಲಬಾರಿನ ಸುಲೈಮಾನಿ, ಹಸಿರು ಚಹಾ ಎಲ್ಲವೂ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದ ಎಲೆಗಳು, ವ್ಯತ್ಯಾಸವಿರುವುದು ಸಂಸ್ಕರಣೆಯಲ್ಲಿ. ಕಿತ್ತ ಎಲೆಯನ್ನು ಬಾಡಿಸಿ, ಜಜ್ಜಿ, ಗಾಳಿಗೆ ಬಿಟ್ಟರೆ ಅದರೊಳಗಿನ ಕಿಣ್ವಗಳು ಪಾಲಿಫಿನಾಲುಗಳೆಂಬ ಒಗರಿನ ದ್ರವ್ಯಗಳನ್ನು ಉತ್ಕರ್ಷಿಸುತ್ತವೆ, ಎಂದರೆ ಆಮ್ಲಜನಕದೊಡನೆ ಕೂಡಿಸುತ್ತವೆ. ಆಗ ಎಲೆ ಕಂದಾಗಿ ಕಪ್ಪು ಚಹಾ ಸಿದ್ಧವಾಗುತ್ತದೆ. ಎಲೆ ಕೊಯ್ದ ಕೆಲವೇ ಗಂಟೆಗಳಲ್ಲಿ ಬಿಸಿ ತಗುಲಿಸಿ ಆ ಕಿಣ್ವಗಳನ್ನು ನಿಷ್ಕ್ರಿಯಗೊಳಿಸಿದರೆ ಹಸಿರು ಹಸಿರಾಗಿಯೇ ಉಳಿಯುತ್ತದೆ. ಶಾಚಿಂಗ್ ಎಂದು ಕರೆಯಲಾಗುವ ಈ ಹಂತವನ್ನು ಜಪಾನಿನಲ್ಲಿ ಹೆಚ್ಚಾಗಿ ಹಬೆಯಿಂದಲೂ ಚೀನಾದಲ್ಲಿ ಹೆಚ್ಚಾಗಿ ಕಾದ ಬಾಣಲೆಯಲ್ಲಿ ಬರಿಗೈಯಿಂದ ಎಲೆಯನ್ನು ಹುರಿಯುವುದರಿಂದಲೂ ಸಾಧಿಸುತ್ತಾರೆ. ಹುಬೇ ಪ್ರಾಂತ್ಯದ ಎನ್‌ಶಿ ಯೂಲು ಎಂಬ ಚಹಾದಲ್ಲಿ ಹಬೆಯ ಹಳೆಯ ಪದ್ಧತಿ ಚೀನಾದಲ್ಲಿಯೂ ಉಳಿದುಕೊಂಡಿದೆ. ಚೀನಾದ ಸಾಂಪ್ರದಾಯಿಕ ಚಹಾ ಸಂಸ್ಕರಣೆಯ ಕೌಶಲಗಳನ್ನೂ ಅವುಗಳಿಗೆ ಹೊಂದಿಕೊಂಡ ಸಾಮಾಜಿಕ ಆಚರಣೆಗಳನ್ನೂ ಯುನೆಸ್ಕೋ 2022ರ ನವೆಂಬರಿನಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಚಹಾಗಳ ಹೆಸರುಗಳು ನೂರಾರು, ಅವೆಲ್ಲವನ್ನೂ ತಿಳಿದಿರಬೇಕಾದ ಅಗತ್ಯವೇನೂ ಇಲ್ಲ. ಝೆಜಿಯಾಂಗ್ ಪ್ರಾಂತ್ಯದ ಹಾಂಗ್‌ಝೌ ನಗರದ ಪಶ್ಚಿಮ ಸರೋವರದ ಸುತ್ತಿನ ಲಾಂಗ್‌ಜಿಂಗ್, ಬಾಣಲೆಯ ಮೈಗೆ ಅಂಗೈಯಿಂದ ಒತ್ತಿ ಒತ್ತಿ ಚಪ್ಪಟೆಯಾಗಿಸಿದ ಎಲೆ. ಅದರ ಪರಿಮಳವನ್ನು ಚೀನೀಯರು ಹುರಿದ ಚೆಸ್ಟ್‌ನಟ್ ಕಾಯಿಯದೆನ್ನುತ್ತಾರೆ, ಇಲ್ಲಿನ ಮೂಗಿಗೆ ಅದು ಹದವಾಗಿ ಹುರಿದ ಹೆಸರುಬೇಳೆಯಾಗಿ ತೋರಬಹುದು. ಜಿಯಾಂಗ್ಸು ಪ್ರಾಂತ್ಯದ ತೈ ಸರೋವರದ ದಡದ ಬಿಲುವೊಚುನ್ ಇನ್ನೂ ನವಿರಾದದ್ದು, ಸುರುಳಿ ಸುತ್ತಿಕೊಂಡ ಬಿಳಿರೋಮದ ಮೊಗ್ಗುಗಳಿಂದ ಮಾಡಿದ್ದು. ಅರ್ಧ ಕಿಲೋ ಚಹಾಕ್ಕೆ ಸುಮಾರು 60,000 ಕುಡಿಗಳು ಬೇಕೆಂಬುದು ಅಲ್ಲಿನವರ ಲೆಕ್ಕ. ಬಿಲುವೊಚುನ್ ಗಿಡಗಳು ಲೋಕಾಟ್, ಪೀಚ್, ಪ್ಲಮ್ ಮುಂತಾದ ಹಣ್ಣಿನ ಮರಗಳ ನಡುವೆ ಬೆಳೆಯುತ್ತವೆಂಬುದು, ಅಡಿಕೆಯ ನೆರಳಲ್ಲಿ ಕೊಕ್ಕೋ, ಬಾಳೆಗಳನ್ನೂ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನೂ ಕಂಡ ತೋಟಗಾರರಿಗೆ ಅಪರಿಚಿತವೆನಿಸದು. ಆನ್‌ಹುಯ್ ಪ್ರಾಂತ್ಯದ ಲೂಆನ್ ಗ್ವಾಪಿಯೆನ್ ಮಾತ್ರ ಇವೆಲ್ಲಕ್ಕೂ ತದ್ವಿರುದ್ಧ: ಅದರಲ್ಲಿ ಮೊಗ್ಗೂ ಇಲ್ಲ, ದಂಟೂ ಇಲ್ಲ, ಬರೀ ಎಲೆಯ ಹಾಳೆ.

ಇವುಗಳಲ್ಲಿ ಅತ್ಯಂತ ಬೆಲೆ ಬಾಳುವುದು ಏಪ್ರಿಲ್ 5ರ ಸುಮಾರಿಗೆ ಬರುವ ಚಿಂಗ್‌ಮಿಂಗ್ ಎಂಬ ಪರ್ವಕ್ಕೆ ಮೊದಲು ಕೊಯ್ದದ್ದು. ಇದನ್ನು ಬರಿಯ ಪ್ರತಿಷ್ಠೆಯ ವಿಷಯವೆಂದು ತಳ್ಳಿಹಾಕುವಂತಿಲ್ಲ. ಚಹಾಗಿಡದ ಬೇರಿನಲ್ಲಿ ಥಿಯನೀನ್ ಎಂಬ ಅಮೈನೋ ಆಮ್ಲ ಹುಟ್ಟಿ ಕುಡಿಗೆ ಏರುತ್ತದೆ. ನಾಲಗೆಗೆ ಸಾರಿನ ತಿಳಿಯಂಥ ತುಂಬು ರುಚಿಯನ್ನೂ ಸವಿಯನ್ನೂ ಕೊಡುವುದು ಅದೇ. ಬಿಸಿಲು ಬಲಿತಂತೆ ಥಿಯನೀನ್ ಒಡೆದು, ಒಗರು ಮತ್ತು ಕಹಿಯ ಮೂಲವಾದ ಕ್ಯಾಟೆಚಿನ್‌ಗಳು ಹೆಚ್ಚುತ್ತವೆ. ಚಳಿ ಇನ್ನೂ ಪೂರ್ತಿ ಬಿಡದ ದಿನಗಳಲ್ಲಿ ಕೊಯ್ದ ಕುಡಿಯಲ್ಲಿ ಸವಿ ಮುಂದಾಗಿ ಒಗರು ಹಿಂದಾಗಿರುವುದು ಈ ಕಾರಣದಿಂದ. ಹಾಗಾಗಿ ಸವಿಯುವವರ ಕೆಲಸವೆಲ್ಲ ಈ ಎರಡರ ತೂಕವನ್ನು ಕೆಡಿಸದೆ ಲೋಟಕ್ಕಿಳಿಸುವುದು. ಅದನ್ನು ಕೆಡಿಸುವುದು ಅತಿಯಾದ ಬಿಸಿ, ಅತಿಯಾದ ಹೊತ್ತು ಮತ್ತು ತಕ್ಕುದಲ್ಲದ ನೀರು.

ಟಾಂಗ್ ರಾಜವಂಶದ ಕಾಲದಲ್ಲಿದ್ದ ಲು ಯು (733–804) ಚಹಾದ ಬಗ್ಗೆ ಬರೆದ ‘ಚಾ ಜಿಂಗ್’ ಎಂಬ ಗ್ರಂಥದಲ್ಲಿ ನೀರಿಗೆ ಮೂರು ದರ್ಜೆಗಳನ್ನು ಕೊಟ್ಟಿದ್ದಾನೆ: ಬೆಟ್ಟದ ನೀರು ಉತ್ತಮ, ಹೊಳೆಯ ನೀರು ಮಧ್ಯಮ, ಬಾವಿಯ ನೀರು ಕನಿಷ್ಠ. ಬೆಟ್ಟದ ನೀರಿನಲ್ಲಿಯೂ ಧುಮುಕಿ ಭೋರ್ಗರೆಯುವುದು ಬೇಡ, ಕಲ್ಲಿನ ಮೇಲೆ ನಿಧಾನವಾಗಿ ಜಿನುಗಿ ಬರುವುದೇ ಬೇಕೆಂಬುದು ಅವನ ಮತ. ಈ ವಿಂಗಡಣೆಯ ಬೆನ್ನಿಗೇ ಚೀನಾದಲ್ಲಿ ಒರತೆಗಳಿಗೆ ಅಂಕ ಕೊಡುವ ಗೀಳು ಬೆಳೆಯಿತು. ವುಶಿ ನಗರದ ಹುಯ್‌ಶಾನ್ ಒರತೆಗೆ ಆಕಾಶದ ಕೆಳಗಿನ ಎರಡನೆಯ ಒರತೆ ಎಂಬ ಬಿರುದು ಇಂದಿಗೂ ಇದ್ದು, ಟಾಂಗ್ ಮಂತ್ರಿ ಲಿ ದೇಯು ಅಲ್ಲಿನ ನೀರನ್ನು ದೂರದ ರಾಜಧಾನಿಗೆ ಹೊರಿಸಿ ತರಿಸುತ್ತಿದ್ದನೆಂಬ ಕಥೆಯನ್ನು ಚೀನೀಯರು ಅರ್ಧ ಮೆಚ್ಚುಗೆಯಿಂದಲೂ ಅರ್ಧ ಆಕ್ಷೇಪದಿಂದಲೂ ಹೇಳುತ್ತಾರೆ. ಹಾಂಗ್‌ಝೌದಲ್ಲಂತೂ ಲಾಂಗ್‌ಜಿಂಗ್ ಎಲೆಯನ್ನೂ ಹುಪಾವೊ ಒರತೆಯ ನೀರನ್ನೂ ಬಿಡಿಸಲಾಗದ ಜೋಡಿಯೆಂದು ಎಣಿಸುತ್ತಾರೆ. ಹುಪಾವೊದ ನೀರು ಬೆಣಚುಕಲ್ಲಿನ ಪದರಗಳ ನಡುವಿನಿಂದ ಜಿನುಗುವಂಥದ್ದು. ಕರಗುವ ಖನಿಜ ಆ ಕಲ್ಲಿನಲ್ಲಿ ಕಡಿಮೆಯಿರುವುದರಿಂದ ನೀರು ಮೆದುವಾಗಿರುತ್ತದೆ.

ಕಾಸರಗೋಡಿನ ಸುರಂಗ ಇದೇ ಜಾತಿಯ ಒರತೆಗೆ ಮನುಷ್ಯರು ತೋಡಿಕೊಟ್ಟ ದಾರಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಈ ನೆಲದಲ್ಲಿ ಮೇಲಿನ ಮುರಕಲ್ಲು ರಂಧ್ರಮಯವಾಗಿದ್ದು ನೀರನ್ನು ಹೀರಿಕೊಳ್ಳುತ್ತದೆ, ಅದರ ಕೆಳಗಿನ ಶೇಡಿಮಣ್ಣಿನ ಪದರ ಅದನ್ನು ಕೆಳಗಿಳಿಯಗೊಡುವುದಿಲ್ಲ. ನಡುವೆ ಸಿಕ್ಕಿಕೊಂಡ ನೀರು ಪಕ್ಕಕ್ಕೆ ಜಿನುಗುತ್ತದೆ. ಗುಡ್ಡದ ಬದಿಯಲ್ಲಿ ಆ ಜಿನುಗನ್ನು ಗುರುತಿಸಿ, ಒಬ್ಬ ಆಳು ಬಗ್ಗಿಕೊಂಡು ಹೋಗಬಲ್ಲಷ್ಟೇ ಎತ್ತರ ಅಗಲದಲ್ಲಿ ಪಿಕ್ಕಾಸಿನಿಂದ ಕೊರೆಯುತ್ತ ಹೋದರೆ, ಕೆಲವು ಮೀಟರುಗಳಿಂದ ಹಿಡಿದು 300 ಮೀಟರಿನವರೆಗೂ ಒಳಹೋದ ಸುರಂಗಗಳಾಗುತ್ತವೆ. ಒಳಗೆ ಉಸಿರಾಟಕ್ಕೆ ಗಾಳಿಯಿದೆಯೇ ಎಂದು ತಿಳಿಯಲು ಕೊರೆಯುವವರು ಜೊತೆಗೆ ಉರಿಯುವ ಮೇಣದಬತ್ತಿ ಇಟ್ಟುಕೊಳ್ಳುತ್ತಿದ್ದರು. ಬತ್ತಿ ಆರಿದರೆ ಹೊರಬರಬೇಕು. ಪಂಪು ಬೇಡದ, ಹಗ್ಗ ರಾಟೆ ಬೇಡದ ಈ ನೀರು ಇಳಿಜಾರಿನಲ್ಲಿ ಹರಿದು ಅಂಗಳದ ತೊಟ್ಟಿಗೂ ಅಲ್ಲಿಂದ ಅಡಿಕೆ ತೋಟಕ್ಕೂ ಸೇರುತ್ತದೆ. ಪರ್ಷಿಯಾದ ಕನಾತ್ ಎಂಬ ನೆಲದಡಿಯ ನೀರಿನ ಕಾಲುವೆಗಳಿಗೂ ಇವುಗಳಿಗೂ ನಂಟು ಕಲ್ಪಿಸಿದವರಿದ್ದಾರೆ, ಆದರೆ ಅದು ಊಹೆಯ ಹಂತವನ್ನು ದಾಟಿಲ್ಲ. ಸುರಂಗಗಳ ಮಹತ್ವವನ್ನು ಹೊರಗಿನ ಓದುಗರಿಗೆ ತಿಳಿಸಿದ ಬರಹಗಾರರಲ್ಲಿ ‘ಅಡಿಕೆ ಪತ್ರಿಕೆ’ಯ ಸಂಪಾದಕ ಶ್ರೀ ಪಡ್ರೆಯವರ ಹೆಸರು ಮುಖ್ಯವಾದುದು.

ಚಹಾದ ದೃಷ್ಟಿಯಿಂದ ಈ ನೀರಿನ ಗುಣ ಎರಡು ಬಗೆಯದು. ಮೊದಲನೆಯದಾಗಿ, ಸುಣ್ಣದಕಲ್ಲು ಇಲ್ಲದ ನೆಲದಲ್ಲಿ ಸೋಸಿ ಬಂದುದರಿಂದ ಇದರಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟುಗಳು ಅತ್ಯಲ್ಪ; ಗಡಸು ನೀರಿನಲ್ಲಿ ಇವೆರಡೂ ಪಾಲಿಫಿನಾಲುಗಳೊಡನೆ ಸೇರಿ ಲೋಟದ ಮೇಲ್ಮೈಯಲ್ಲಿ ಕೆನೆಯಂತೆ ತೋರುವ ಮಂಕು ಪದರವನ್ನು ಕಟ್ಟುತ್ತವೆ, ಪರಿಮಳವೂ ಕುಗ್ಗುತ್ತದೆ. ಎರಡನೆಯದಾಗಿ, ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡ ಮಳೆನೀರಿನ ಹುಳಿಯನ್ನು ತಟಸ್ಥಗೊಳಿಸುವ ಸುಣ್ಣ ಇಲ್ಲದ್ದರಿಂದ ಮುರಕಲ್ಲಿನ ನೀರು ಸಾಮಾನ್ಯವಾಗಿ ತುಸು ಆಮ್ಲೀಯವಾಗಿರುತ್ತದೆ. ಕ್ಯಾಟೆಚಿನ್‌ಗಳು ಕ್ಷಾರದಲ್ಲಿ ಬೇಗ ಕೆಟ್ಟು ಕಂದಾಗುತ್ತವೆ, ತುಸು ಆಮ್ಲದಲ್ಲಿ ತಡೆದುಕೊಳ್ಳುತ್ತವೆ. ಬಸಿದ ಚಹಾ ಎಳೆಹಸಿರಾಗಿ, ತಿಳಿಯಾಗಿ ಉಳಿಯುವುದಕ್ಕೆ ಇದು ನೆರವು.

ಇಲ್ಲೊಂದು ಕಹಿ ಮಾತನ್ನು ಸೇರಿಸದೆ ಮುಂದೆ ಹೋಗುವುದು ಸರಿಯಲ್ಲ. ಸುರಂಗಗಳಿಗೆ ಹೆಸರಾದ ಪಡ್ರೆ, ಎಣ್ಮಕಜೆಗಳ ಸುತ್ತಲೇ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಸಿಂಪಡಣೆ ನಿಂತದ್ದು 2000ದ ಹೊತ್ತಿಗೆ, ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಲು ಯು ಹೊಳೆಯ ನೀರನ್ನು ಜನವಸತಿಯಿಂದ ದೂರದಲ್ಲಿ ತುಂಬಿಕೊಳ್ಳಲು ಹೇಳಿದ್ದ. ಆಕಾಶದಿಂದ ಬೀಳುವ ವಿಷದ ಕಲ್ಪನೆ ಅವನ ಕಾಲಕ್ಕಿರಲಿಲ್ಲ.

ಚಹಾ ಬಸಿಯುವ ಕ್ರಮಕ್ಕೆ ದುಬಾರಿ ಸಲಕರಣೆ ಬೇಡ. ಚೀನಾದಲ್ಲಿ ಗೈವಾನ್ ಎಂಬ, ತಟ್ಟೆ ಮತ್ತು ಮುಚ್ಚಳವುಳ್ಳ ಪಿಂಗಾಣಿ ಬಟ್ಟಲು ಬಳಕೆಯಲ್ಲಿದ್ದರೂ ಹಸಿರು ಚಹಾಕ್ಕೆ ಅಲ್ಲಿನ ಮನೆಗಳಲ್ಲಿ ಸಾಮಾನ್ಯವಾದದ್ದು ಉದ್ದನೆಯ ಗಾಜಿನ ಲೋಟ, ಏಕೆಂದರೆ ಎಲೆ ನೀರಿನಲ್ಲಿ ಬಿಚ್ಚಿಕೊಳ್ಳುವುದನ್ನು ನೋಡುವುದೂ ಸವಿಯುವಿಕೆಯ ಒಂದು ಭಾಗ. 150 ಮಿಲಿಲೀಟರ್ ನೀರಿಗೆ 3 ಗ್ರಾಂ ಎಲೆ ಸಾಕು. ನೀರನ್ನು ಮೊದಲು ಚೆನ್ನಾಗಿ ಕುದಿಸಬೇಕು, ಸುರಂಗದ್ದಾದರೂ ಆರೋಗ್ಯದ ದೃಷ್ಟಿಯಿಂದ ಇದು ಅಗತ್ಯ. ಬಳಿಕ ಒಂದೆರಡು ಪಾತ್ರೆ ಬದಲಿಸಿ 80 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಸಬೇಕು. ಕ್ಯಾಟೆಚಿನ್ ಮತ್ತು ಕೆಫೀನ್‌ಗಳು ಬಿಸಿ ಏರಿದಷ್ಟೂ ಧಾರಾಳವಾಗಿ ಕರಗುತ್ತವೆ, ಥಿಯನೀನ್ ಮಾತ್ರ ಕಡಿಮೆ ಬಿಸಿಯಲ್ಲಿಯೂ ಇಳಿಯುತ್ತದೆ ಎಂಬುದೇ ಇದರ ಗುಟ್ಟು. ಬಿಲುವೊಚುನ್‌ನಂಥ ಎಳೆಯ ಮೊಗ್ಗುಗಳಿಗೆ ಲೋಟದಲ್ಲಿ ನೀರನ್ನು ಮೊದಲು ತುಂಬಿ ಎಲೆಯನ್ನು ಮೇಲಿಂದ ಉದುರಿಸುತ್ತಾರೆ. ಅವು ತಾವಾಗಿ ಮುಳುಗುತ್ತವೆ. ದೊಡ್ಡ ಎಲೆಗಳಿಗೆ ಮೊದಲು ಎಲೆ, ಆಮೇಲೆ ನೀರು. ಎರಡು ನಿಮಿಷದೊಳಗೆ ಮೊದಲ ಗುಟುಕು ಸಿದ್ಧ. ಲೋಟವನ್ನು ಪೂರ್ತಿ ಬರಿದು ಮಾಡದೆ ಮೂರರಲ್ಲೊಂದು ಪಾಲು ಉಳಿಸಿ ಮತ್ತೆ ನೀರು ಎರೆದರೆ ಅದೇ ಎಲೆ ಮೂರು ಸಲ ರುಚಿ ಕೊಡುತ್ತದೆ, ಎರಡನೆಯ ಸಲದ್ದೇ ಎಷ್ಟೋ ವೇಳೆ ಉತ್ತಮ. ವೃತ್ತಿಪರ ರುಚಿನಿರ್ಣಾಯಕರ ದಾರಿ ಬೇರೆ: ಅವರು ಕುದಿಯುವ ನೀರನ್ನೇ ಎರೆದು ನಾಲ್ಕು ನಿಮಿಷ ಬಿಡುತ್ತಾರೆ, ಏಕೆಂದರೆ ಅವರಿಗೆ ಬೇಕಾದದ್ದು ಚಹಾದ ದೋಷಗಳು.

ಕುಡಿಯುವಾಗ ಗಮನಿಸಬೇಕಾದದ್ದು ಗುಟುಕು ಇಳಿದ ಮೇಲೆ ಬಾಯಲ್ಲಿ ಏನಾಗುತ್ತದೆ ಎಂಬುದನ್ನು. ಪಾಲಿಫಿನಾಲುಗಳು ಜೊಲ್ಲಿನ ಪ್ರೋಟೀನುಗಳನ್ನು ಹಿಡಿದುಕೊಳ್ಳುವುದರಿಂದ ನಾಲಗೆ ತುಸು ಬಿಗಿಯುತ್ತದೆ. ಒಳ್ಳೆಯ ಚಹಾದಲ್ಲಿ ಆ ಬಿಗಿ ಕ್ಷಣದಲ್ಲಿ ಸಡಿಲಿ, ಗಂಟಲಿನ ಕಡೆಯಿಂದ ಸಿಹಿಯೊಂದು ಮರಳಿ ಬರುತ್ತದೆ. ನೆಲ್ಲಿಕಾಯಿ ತಿಂದು ನೀರು ಕುಡಿದವರಿಗೆ ಈ ಅನುಭವವನ್ನು ವಿವರಿಸುವ ಅಗತ್ಯವಿಲ್ಲ. ಚೀನೀಯರು ಇದನ್ನು ಹ್ವೇಗಾನ್ ಎನ್ನುತ್ತಾರೆ, ಚಹಾದ ಯೋಗ್ಯತೆಯನ್ನು ಇದರ ಮೇಲೆಯೇ ಅಳೆಯುತ್ತಾರೆ. ಒಗರನ್ನು ದೋಷವೆಂದು ತಿಳಿಯುವ ನಾಲಗೆಗೆ ಹಸಿರು ಚಹಾ ಒಗ್ಗುವುದು ತಡ. ಕಾಸರಗೋಡಿನ ಅಡುಗೆಮನೆಗಳಿಗೆ ಆ ತೊಡಕು ಕಡಿಮೆ. ನೇರಳೆ, ಪೇರಳೆಗಳ ಎಳೆಯ ಕುಡಿಗಳನ್ನು ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿಯೊಡನೆ ಅರೆದು, ಮಜ್ಜಿಗೆಯಲ್ಲಿ ಕದಡುವ ಕುಡಿ ತಂಬುಳಿ ಒಗರನ್ನೇ ನಂಬಿದ ಪದಾರ್ಥ. ಹಾಲಿನ ಕೇಸೀನ್ ಎಂಬ ಪ್ರೋಟೀನು ಪಾಲಿಫಿನಾಲುಗಳನ್ನು ತಾನೇ ಕಟ್ಟಿಹಾಕಿ ಒಗರನ್ನು ಮೃದುವಾಗಿಸುತ್ತದೆ. ತಂಬುಳಿಯಲ್ಲಿ ಮಜ್ಜಿಗೆಯೂ ಚಹಾದಲ್ಲಿ ಹಾಲೂ ಮಾಡುವುದು ಇದನ್ನೇ. ಹಸಿರು ಚಹಾದಲ್ಲಿ ಈ ಮಧ್ಯವರ್ತಿ ಇಲ್ಲದ್ದರಿಂದ ಬಿಸಿಯನ್ನು ಹತೋಟಿಯಲ್ಲಿಡುವುದೊಂದೇ ದಾರಿ.

ಈ ಕರಾವಳಿಯಲ್ಲಿ ಹಸಿರು ಚಹಾದ ದೊಡ್ಡ ಶತ್ರು ತೇವ. ಚೀನಾದ ವಸಂತದ ಎಲೆ ಇಲ್ಲಿಗೆ ತಲಪುವ ಹೊತ್ತಿಗೆ ಮಳೆಗಾಲ ಬಾಗಿಲಲ್ಲಿರುತ್ತದೆ. ಒಣಗಿದ ಎಲೆ ಗಾಳಿಯ ತೇವವನ್ನೂ ಸುತ್ತಲಿನ ವಾಸನೆಗಳನ್ನೂ ಹೀರಿಕೊಳ್ಳುವಂಥದ್ದಾದ್ದರಿಂದ, ಕಾಳುಮೆಣಸಿನ ಗೋಣಿಯಿರುವ ಕೋಣೆಯಲ್ಲೋ ಒಣಮೀನಿರುವ ಕಪಾಟಿನಲ್ಲೋ ಇಟ್ಟ ಚಹಾ ಆಷಾಢ ಮುಗಿಯುವುದರೊಳಗೆ ಬೇರೇನೋ ಆಗಿರುತ್ತದೆ. ಗಾಳಿಯಾಡದ ತವರದ ಡಬ್ಬಿ, ಸಣ್ಣ ಸಣ್ಣ ಪೊಟ್ಟಣ, ಫ್ರಿಜ್ಜಿನಲ್ಲಿಟ್ಟರೆ ಹೊರತೆಗೆದು ತಣಿವು ಇಳಿದ ಮೇಲೆಯೇ ಬಾಯಿ ತೆರೆಯುವ ಎಚ್ಚರ, ಇವಿಷ್ಟು ಬೇಕು. ಕಪ್ಪು ಚಹಾದಂತೆ ಇದನ್ನು ವರ್ಷಗಟ್ಟಲೆ ಇಡುವಂತಿಲ್ಲ.

ಭಾರತದ ಪೇಟೆಯಲ್ಲಿ ಹಸಿರು ಚಹಾಕ್ಕೆ ಮೈ ಕರಗಿಸುವ ಮದ್ದೆಂಬ ಹೆಸರು ಅಂಟಿಕೊಂಡದ್ದು ಅದರ ರುಚಿಗೆ ಆದ ದೊಡ್ಡ ಅನ್ಯಾಯ. ಕಾಗದದ ಚೀಲದೊಳಗಿನ ಚಹಾಪುಡಿಗೆ ಕುದಿನೀರು ಸುರಿದು, ಕಹಿಯಾಯಿತೆಂದು ಜೇನು ಲಿಂಬೆ ಬೆರೆಸಿ, ಮೂಗು ಮುಚ್ಚಿ ಕುಡಿಯುವವರು ಚಹಾ ಸವಿಯುತ್ತಿಲ್ಲ, ಕಷಾಯ ಸೇವಿಸುತ್ತಿದ್ದಾರೆ. ಅದಕ್ಕಾದರೆ ಮನೆಯ ಕೊತ್ತಂಬರಿ ಜೀರಿಗೆ ಕಷಾಯವೇ ಹೆಚ್ಚು ಹಿತ. ಊಟದ ಜೊತೆಗೆ ಕುಡಿದರೆ ಧಾನ್ಯ ಸೊಪ್ಪುಗಳ ಕಬ್ಬಿಣಾಂಶ ದೇಹಕ್ಕೆ ದಕ್ಕುವುದನ್ನು ಇದು ತಗ್ಗಿಸುತ್ತದೆಂಬುದನ್ನೂ ತಿಳಿದಿರಬೇಕು. ಚೀನಾದ ಎಲೆ ಸಿಗದಿದ್ದಲ್ಲಿ ನೀಲಗಿರಿಯ ಇಡೀ ಎಲೆಯ ಹಸಿರು ಚಹಾದಿಂದ ಅಭ್ಯಾಸ ಆರಂಭಿಸಲು ಅಡ್ಡಿಯಿಲ್ಲ.

ನೀರಿನ ಪಾಲು ಎಷ್ಟೆಂದು ತಿಳಿಯಲು ಒಂದೇ ಎಲೆಯನ್ನು ಎರಡು ಲೋಟಗಳಲ್ಲಿ, ಒಂದಕ್ಕೆ ಸುರಂಗದ ನೀರನ್ನೂ ಇನ್ನೊಂದಕ್ಕೆ ಕೊಳವೆಬಾವಿಯ ನೀರನ್ನೂ ಎರೆದು ನೋಡಬಹುದು. ಮುರಕಲ್ಲಿನ ಕೆಂಪು ಕಬ್ಬಿಣದ ಆಕ್ಸೈಡಿನದೇ ಆದರೂ ಗಾಳಿ ಸೋಕುತ್ತ ಹರಿಯುವ ಸುರಂಗದ ನೀರಿನಲ್ಲಿ ಅದು ಕರಗದೆ ನೆಲದಲ್ಲೇ ಉಳಿಯುತ್ತದೆ. ಆಮ್ಲಜನಕವಿಲ್ಲದ ಆಳದಲ್ಲಿ ಮಾತ್ರ ಕರಗಿ, ಕೆಲವು ಕೊಳವೆಬಾವಿಗಳ ನೀರಿನೊಡನೆ ಮೇಲೆ ಬರುತ್ತದೆ. ಕಬ್ಬಿಣ ಮತ್ತು ಒಗರು ಸೇರಿದರೆ ಆಗುವುದು ಮಸಿ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣದಿಂದ ಬರವಣಿಗೆಯ ಮಸಿ ಮಾಡುತ್ತಿದ್ದುದು ಇದೇ ತತ್ವದ ಮೇಲೆ. ಅಂಥ ನೀರು ಬಿದ್ದ ಲೋಟದಲ್ಲಿ ಲಾಂಗ್‌ಜಿಂಗ್ ಕೂಡ ನೋಡನೋಡುತ್ತ ಕಪ್ಪಿಡುತ್ತದೆ. ಕೊಳವೆಬಾವಿಗಳು ಹೆಚ್ಚಿದಂತೆ ಹೊಸ ಸುರಂಗ ಕೊರೆಸುವವರೂ ಕೊರೆಯಬಲ್ಲವರೂ ವಿರಳವಾಗುತ್ತಿರುವುದರಿಂದ, ಈ ಪರೀಕ್ಷೆಗೆ ಬೇಕಾದ ಮೊದಲ ಲೋಟದ ನೀರೇ ಇನ್ನು ಮುಂದೆ ಹೆಚ್ಚು ದುರ್ಲಭವಾಗಲಿದೆ.