ಆ ಒಂದು ಪುಟ ಬಿಟ್ಟುಬಿಟ್ಟರೆ ಮಕ್ಕಳು ಎಲ್ಲಿ ಕಲಿಯಬೇಕು?

"ಉಮ್ಮಾ, ಎಚ್‌ಐವಿ ಅಂದ್ರೆ ಎಂತ?"

ಹತ್ತನೇ ಕ್ಲಾಸಿನ ಮಗ ವಿಜ್ಞಾನ ಪುಸ್ತಕ ಹಿಡಿದು ಹೀಗೆ ಕೇಳಿದರೆ ನಮ್ಮ ಹೆಚ್ಚಿನ ಮನೆಗಳಲ್ಲಿ ಸಿಗುವ ಉತ್ತರ ಒಂದೇ: "ಅದೆಲ್ಲ ನಿನಗೀಗ ಬೇಡ, ಬೇರೆ ಪಾಠ ಓದು." ಶಾಲೆಯಲ್ಲೂ ಎಷ್ಟೋ ಸಲ ಆ ಪುಟ 'ಮನೆಯಲ್ಲಿ ಓದಿಕೊಳ್ಳಿ' ಎಂಬಲ್ಲಿಗೆ ಮುಗಿಯುತ್ತದೆ. ಕೊನೆಗೆ ಹುಡುಗ ಕಲಿಯುವುದು ಮೊಬೈಲಿನಿಂದ, ಇಲ್ಲವೇ ತನ್ನಷ್ಟೇ ಗೊತ್ತಿರುವ ಗೆಳೆಯನಿಂದ. ಇನ್ನು ಕೆಲವರಿಗೆ ಈ ಹೆಸರು ಎದುರಾಗುವುದು ಗಲ್ಫ್ ವೀಸಾದ ಮೆಡಿಕಲ್‌ನಲ್ಲಿ. ಅಲ್ಲಿ ರಕ್ತದಲ್ಲಿ ಎಚ್‌ಐವಿ ಕಂಡುಬಂದರೆ 'ಅನ್‌ಫಿಟ್'. ಕಲಿಯಲು ಅದು ತೀರಾ ತಡವಾದ ಜಾಗ.

"ನಮ್ಮ ಮಕ್ಕಳು ದೀನ್ ಕಲಿತಿದ್ದಾರಲ್ಲ, ಇದೆಲ್ಲ ಯಾಕೆ?" ಅನ್ನುವವರಿದ್ದಾರೆ. ದೀನ್ ಕಲಿಸಿದ ಸಂಯಮವೇ ಮೊದಲ ರಕ್ಷಣೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ವೈರಸ್ ತಪ್ಪು ಮಾಡಿದವರಲ್ಲೇ ನಿಲ್ಲುವುದಿಲ್ಲ. ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ ಗಂಡನಿಗೆ ಬಂದದ್ದು ಏನೂ ಅರಿಯದ ಹೆಂಡತಿಗೆ ತಗಲುತ್ತದೆ. ಗರ್ಭದಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಿಂದ ಮಗುವಿಗೂ ಹೋಗಬಹುದು. ಸೋಂಕಿರುವ ರಕ್ತದಿಂದ, ಒಬ್ಬ ಚುಚ್ಚಿಕೊಂಡ ಸೂಜಿಯನ್ನು ಇನ್ನೊಬ್ಬ ಬಳಸುವುದರಿಂದಲೂ ಬರುತ್ತದೆ. ಮಾದಕ ವಸ್ತುಗಳ ವಿರುದ್ಧ ಸಭೆ ನಡೆಸುವ ಜಮಾಅತ್‌ಗಳು ಈ ಸೂಜಿಯ ಮಾತನ್ನೂ ಸೇರಿಸಬೇಕು. "ಸುನ್ನತ್ ಆದವರಿಗೆ ಬರುವುದಿಲ್ಲ" ಎಂಬುದೂ ಸರಿಯಲ್ಲ. ಹೆಣ್ಣಿನಿಂದ ಗಂಡಿಗೆ ಹರಡುವ ಅಪಾಯವನ್ನು ಅದು ಸುಮಾರು ಶೇ. 60ರಷ್ಟು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ.

ಅರ್ಧ ತಿಳಿವಳಿಕೆಯಿಂದ ಇನ್ನೊಂದು ಅನಾಹುತವೂ ಉಂಟು. ಸೋಂಕಿರುವವರನ್ನು ನಾವು ದೂರ ಇಡುತ್ತೇವೆ. ಒಂದೇ ತಟ್ಟೆಯಲ್ಲಿ ಉಂಡರೆ, ಸಲಾಂ ಹೇಳಿ ಕೈ ಕೊಟ್ಟರೆ, ಒಂದೇ ಹೌಳಿನಲ್ಲಿ ವುಝೂ ಮಾಡಿದರೆ, ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುವುದಿಲ್ಲ. ಕೈಗವಸು ಹಾಕಿ ಎಚ್ಚರಿಕೆಯಿಂದ ಮಯ್ಯಿತ್ ಸ್ನಾನವನ್ನೂ ಮಾಡಿಸಬಹುದು. ರೋಗಿಯನ್ನು ನೋಡಲು ಹೋಗುವುದು ಮುಸ್ಲಿಮನ ಹೊಣೆ ಎಂದು ಮದ್ರಸದಲ್ಲಿ ಕಲಿತ ಮಗುವಿಗೆ ಈ ರೋಗಿ ಹೊರತೆಂದು ನಾವೇ ಕಲಿಸುವುದು ಬೇಡ.

ಇನ್ನೂ ಕೆಲವು ವಿಷಯ ಮಕ್ಕಳಿಗೆ ಗೊತ್ತಿರಬೇಕು. ಸರಕಾರಿ ಆಸ್ಪತ್ರೆಗಳ ಎಆರ್‌ಟಿ ಕೇಂದ್ರಗಳಲ್ಲಿ 2004ರಿಂದ ಔಷಧ ಉಚಿತ. ದಿನವೂ ತಪ್ಪದೆ ಔಷಧ ತೆಗೆದುಕೊಂಡು ವೈರಸ್ ಪರೀಕ್ಷೆಗೂ ಸಿಗದಷ್ಟು ತಗ್ಗಿದರೆ ಸಂಗಾತಿಗೆ ಹರಡುವುದಿಲ್ಲ. ಗರ್ಭಿಣಿಗೆ ಬೇಗ ಚಿಕಿತ್ಸೆ ಸಿಕ್ಕಿದರೆ ಮಗುವಿಗೆ ತಗಲುವ ಸಾಧ್ಯತೆ ಶೇ. 5ಕ್ಕಿಂತ ಕಡಿಮೆ. ಸೋಂಕಿದೆ ಎಂದು ಶಾಲೆಗೆ ಸೇರಿಸದೆ ಇರುವುದನ್ನು, ಕೆಲಸದಿಂದ ತೆಗೆಯುವುದನ್ನು 2017ರ ಎಚ್‌ಐವಿ-ಏಡ್ಸ್ ಕಾಯ್ದೆ ನಿಷೇಧಿಸಿದೆ.

ಕಲಿಸುವುದು ಹೇಗೆ? ಹೆಣ್ಣುಮಕ್ಕಳಿಗೆ ಲೇಡಿ ಟೀಚರ್, ಗಂಡುಮಕ್ಕಳಿಗೆ ಮಾಸ್ಟ್ರು ಬೇರೆ ಬೇರೆ ಕೂರಿಸಿ ಹೇಳಲಿ. ಹೆಸರು ಬರೆಯದ ಚೀಟಿಯಲ್ಲಿ ಪ್ರಶ್ನೆ ಹಾಕಲು ಒಂದು ಡಬ್ಬ ಇಡಲಿ. ಊರಿನ ಡಾಕ್ಟರರನ್ನು, ಉಸ್ತಾದರನ್ನು ಒಟ್ಟಿಗೆ ಕರೆಯಲಿ. ಕೇಳಲು ನಾಚಿಕೆಯಾದರೆ 1097ಕ್ಕೆ ಉಚಿತವಾಗಿ ಫೋನ್ ಮಾಡಬಹುದು.

ಮನೆಯಲ್ಲಿ ಉಮ್ಮ ಇಷ್ಟು ಹೇಳಿದರೂ ಸಾಕು: "ಕೂತ್ಕೋ ಮಗ. ನನಗೆ ಗೊತ್ತಿರುವುದನ್ನು ಹೇಳ್ತೇನೆ, ಗೊತ್ತಿಲ್ಲದ್ದನ್ನು ಡಾಕ್ಟರ ಹತ್ರ ಕೇಳುವಾ."